ಪರ್ಟ್ ನಕ್ಷೆಯಿಂದ ಪ್ರಮಾಣಪತ್ರದವರೆಗೆ: ಪ್ರೋಗ್ರಾಂ ಮ್ಯಾನೇಜರ್ ತರಬೇತಿಯ ಚರಿತ್ರೆ

ಪ್ರೋಗ್ರಾಂ ಮ್ಯಾನೇಜರುಗಳ ತರಬೇತಿಯ ಚರಿತ್ರೆಯನ್ನು ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಯಿಂದ ಶುರುಮಾಡುವುದು ವಾಡಿಕೆ. ಅದರಲ್ಲಿ ತಪ್ಪಿಲ್ಲ. ಆದರೆ ಪೊಲಾರಿಸ್‌ನಿಂದ ತರಗತಿಗೆ ಬಂದದ್ದೇನು, ಬಾರದೆ ಉಳಿದದ್ದೇನು ಎಂದು ಬಿಡಿಸಿ ನೋಡಬೇಕು. ಕಲಿಸಲು ಸುಲಭವಾದದ್ದು ಪಠ್ಯವಾಯಿತು, ಕೆಲಸ ಸಾಗಿಸಿದ್ದು ಬಹುಪಾಲು ಪಠ್ಯದ ಹೊರಗೇ ಉಳಿಯಿತು ಎಂಬುದು ಈ ಲೇಖನದ ವಾದ.

1955ರ ಕೊನೆಯಲ್ಲಿ ನೌಕಾಪಡೆ ‘ಸ್ಪೆಷಲ್ ಪ್ರಾಜೆಕ್ಟ್ಸ್ ಆಫೀಸ್’ ತೆರೆದು ಅದನ್ನು ರಿಯರ್ ಅಡ್ಮಿರಲ್ ವಿಲಿಯಂ ರಾಬರ್ನ್ ಕೈಗೊಪ್ಪಿಸಿತು. ಪೊಲಾರಿಸ್ ರೂಪುಗೊಂಡದ್ದು ಇಲ್ಲೇ. ಜಲಾಂತರ್ಗಾಮಿ, ಕ್ಷಿಪಣಿ, ಉಡಾವಣಾ ಕೊಳವೆ, ದಿಕ್ಕು ತೋರುವ ಉಪಕರಣ ಹೀಗೆ ಒಂದೊಂದೂ ಒಂದೊಂದು ದೊಡ್ಡ ಯೋಜನೆ. ಎಲ್ಲವೂ ಒಟ್ಟಿಗೆ ಕೂಡಿಬಂದರೆ ಮಾತ್ರ ಪ್ರಯೋಜನ. ಇಂದು ವ್ಯವಹಾರ ಜಗತ್ತು ಪ್ರೋಗ್ರಾಂ ಎನ್ನುವುದು ಇಂಥದ್ದನ್ನೇ. 1958ರಲ್ಲಿ ಈ ಕಚೇರಿ ಬೂಝ್ ಅಲೆನ್ ಹ್ಯಾಮಿಲ್ಟನ್ ಮತ್ತು ಲಾಕ್‌ಹೀಡ್ ಕಂಪನಿಗಳ ಪರಿಣತರೊಂದಿಗೆ ‘ಪರ್ಟ್’ ಪದ್ಧತಿ ರೂಪಿಸಿತು: ಕೆಲಸಗಳನ್ನು ಒಂದರ ಹಿಂದೊಂದು ನಕ್ಷೆಯಲ್ಲಿ ಹೆಣೆದು ಒಟ್ಟು ಸಮಯ ಅಂದಾಜಿಸುವ ವಿಧಾನ. ಪ್ರತಿ ಕೆಲಸಕ್ಕೂ ಮೂರು ಅಂದಾಜು: ಎಲ್ಲ ಸರಿಹೋದರೆ 4 ವಾರ, ಸಾಮಾನ್ಯವಾಗಿ 6, ಕೆಟ್ಟರೆ 14 ಎನ್ನಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿದರೆ 7 ವಾರ.

ಕರಿಹಲಗೆಗೆ ಹೇಳಿ ಮಾಡಿಸಿದಂಥ ವಿದ್ಯೆ ಇದು! ಒಂದು ಪಿರಿಯಡ್‌ನಲ್ಲಿ ಕಲಿಸಬಹುದು, ಪರೀಕ್ಷೆಯಲ್ಲಿ ಅಂಕಕ್ಕೆ ಕೇಳಬಹುದು. 1962ರಲ್ಲಿ ರಕ್ಷಣಾ ಇಲಾಖೆ ಮತ್ತು ನಾಸಾ ಒಟ್ಟಾಗಿ ವೆಚ್ಚದ ಲೆಕ್ಕವನ್ನೂ ಸೇರಿಸಿ ಪರ್ಟ್ ಮಾರ್ಗದರ್ಶಿ ಹೊರತಂದವು. ಪರ್ಟ್‌ನಿಂದಾಗಿ ಪೊಲಾರಿಸ್ ಎರಡು ವರ್ಷ ಮುಂಚೆ ಮುಗಿಯಿತೆಂಬ ಮಾತು ಹಬ್ಬಿತು. ಕಾಲಾನುಕ್ರಮ ಈ ಮಾತಿಗೆ ಒಗ್ಗುವುದಿಲ್ಲ. ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಬಳಿಕ, 1957ರ ಕೊನೆಗೇ ಗಡುವನ್ನು ಮೊದಲಿಗಿಂತ ಹತ್ತಿರಕ್ಕೆ ಎಳೆಯಲಾಗಿತ್ತು. ಆಗಿನ್ನೂ ಪರ್ಟ್ ಹುಟ್ಟಿರಲಿಲ್ಲ. 1972ರಲ್ಲಿ ಹಾರ್ವಿ ಸಪೋಲ್ಸ್ಕಿ ಪೊಲಾರಿಸ್ ಕುರಿತು ಪ್ರಕಟಿಸಿದ ಅಧ್ಯಯನ ಇನ್ನೂ ನಿಷ್ಠುರವಾದದ್ದು. ಅವರ ಪ್ರಕಾರ ಪರ್ಟ್ ಹೆಚ್ಚಾಗಿ ರಕ್ಷಣಾ ಕವಚ: ನಕ್ಷೆಗಳನ್ನು ಕಂಡು ಮೇಲಿನವರೂ ಸಂಸತ್ತಿನವರೂ ತಲೆದೂಗುತ್ತಿದ್ದರು, ತಂತ್ರಜ್ಞರಿಗೆ ತಮ್ಮ ಪಾಡಿಗೆ ಕೆಲಸ ಮಾಡಲು ಬಿಡುವು ಸಿಗುತ್ತಿತ್ತು. ಧಾರಾಳ ಹಣ, ರಾಜಕೀಯ ಬೆಂಬಲ ಗಳಿಸುವ ಚಾತುರ್ಯ, ಗುತ್ತಿಗೆದಾರರನ್ನು ಹುರಿದುಂಬಿಸುವ ರಾಬರ್ನ್ ಕಲೆ, ಇವೇ ಬಂಡಿ ಎಳೆದದ್ದು. ಇವಕ್ಕೆ ಸೂತ್ರ ಬರೆಯುವುದು ಹೇಗೆ?

ಈ ಕೊರತೆ ಆಡಳಿತಗಾರರಿಗೂ ತಟ್ಟಿತ್ತು. 1964ರಲ್ಲಿ ಒಹಾಯೊದ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ ಶಸ್ತ್ರಾಸ್ತ್ರ ವ್ಯವಸ್ಥೆಗಳ ನಿರ್ವಹಣೆಗೆಂದೇ ಕೇಂದ್ರವೊಂದು ಆರಂಭವಾಯಿತು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಸಹಸ್ಥಾಪಕ ಡೇವಿಡ್ ಪ್ಯಾಕರ್ಡ್ ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿಯಾಗಿ ಬಂದ ಮೇಲೆ, 1971ರಲ್ಲಿ, ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಹೊಸ ಶಾಲೆ ತೆರೆಯಿತು. ಅಲ್ಲಿನ ಮುಖ್ಯ ಕೋರ್ಸ್ 20 ವಾರಗಳದು. ಕಾರ್ಖಾನೆಯಲ್ಲಿ ಪಳಗಿದ ಪ್ಯಾಕರ್ಡ್‌ಗೆ ಕಂಡ ದೋಷ ನಕ್ಷೆಯದಲ್ಲ, ನೇಮಕಾತಿಯದು: ತರಬೇತಿಯಿಲ್ಲದ ಅಧಿಕಾರಿಯನ್ನು ತಂದು ಕೂರಿಸುವುದು, ಕೆಲಸ ಕೈಗೆ ಹತ್ತುವಷ್ಟರಲ್ಲಿ ವರ್ಗ ಮಾಡುವುದು. ನಮ್ಮ ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ತರಬೇತಿ, ಅನುಭವ, ಅವಧಿ ಮೂರನ್ನೂ ಕಾನೂನಿನಲ್ಲೇ ಹೆಣೆಯಲು ಅಮೆರಿಕಕ್ಕೆ 1990ರವರೆಗೆ ಬೇಕಾಯಿತು.

ಖಾಸಗಿ ವಲಯ ಹಿಡಿದದ್ದು ಪ್ರಮಾಣಪತ್ರದ ದಾರಿ. 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಲ್ಲಿ ಯೋಜನಾ ನಿರ್ವಾಹಕರಿಗೆ ಪ್ರಮಾಣಪತ್ರ ಕೊಡುವ ಪಿಎಂಪಿ ಪರೀಕ್ಷೆ ಆರಂಭಿಸಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೀಮ್ ಲೀಡ್ ಆದವರು ಬಡ್ತಿಯ ಆಸೆಯಿಂದ ವಾರಾಂತ್ಯದ ಕ್ಲಾಸಿಗೆ ಸೇರಿ ಪರೀಕ್ಷೆಗೆ ಕೂರಲು ಬೇಕಾದ 35 ಗಂಟೆಯ ತರಬೇತಿ ಭರ್ತಿ ಮಾಡುವುದು ಇದಕ್ಕಾಗಿಯೇ. ಪೊಲಾರಿಸ್ ಹೆಸರು ಕೇಳದವರೂ ಅಲ್ಲಿ ಮೂರು ಅಂದಾಜಿನ ಸೂತ್ರವನ್ನು ಉರು ಹೊಡೆದಿದ್ದಾರೆ. ಯೋಜನೆ ಬೇರೆ, ಪ್ರೋಗ್ರಾಂ ಬೇರೆ ಎಂಬ ಅರಿವು ಪಠ್ಯದಲ್ಲಿ ಗಟ್ಟಿಯಾದದ್ದು ತಡವಾಗಿ. 1999ರಲ್ಲಿ ಬ್ರಿಟಿಷ್ ಸರ್ಕಾರ ತಂದ, ಪ್ರೋಗ್ರಾಂ ನಿರ್ವಹಣೆಯ ಎಂಎಸ್‌ಪಿ ಕೈಪಿಡಿ, ಕೆಲಸ ಮುಗಿಯಿತೇ ಎನ್ನುವುದರ ಜೊತೆಗೆ ಸಂಸ್ಥೆಗೆ ಲಾಭವಾಯಿತೇ ಎಂದೂ ಕೇಳಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಪ್ರೋಗ್ರಾಂ ಮ್ಯಾನೇಜರುಗಳಿಗೆಂದು 2007ರಲ್ಲಿ ತಂದ ಪಿಜಿಎಂಪಿ ಪರೀಕ್ಷೆ ಮೊದಲಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿತ್ತು: ಅನುಭವಿಗಳ ಸಮಿತಿ ಅರ್ಜಿ ಪರಿಶೀಲಿಸುತ್ತಿತ್ತು, ಲಿಖಿತ ಪರೀಕ್ಷೆಯಿತ್ತು, ಅದಾದಮೇಲೆ ಅಭ್ಯರ್ಥಿಯ ಮೇಲಧಿಕಾರಿ, ಸಹೋದ್ಯೋಗಿ, ಕೈಕೆಳಗಿನವರ ಅಭಿಪ್ರಾಯವನ್ನೂ ಕೇಳಲಾಗುತ್ತಿತ್ತು. ಮುಂದೆ ಈ ಮೂರನೆಯದನ್ನು ಕೈಬಿಡಲಾಯಿತು.