ಶನಿವಾರದ ಬಾಗಿಲು: ಮುಂಬೈಯ ಗೇ ಕ್ಲಬ್ಬು ಮತ್ತು ಜತ್ ತಾಲೂಕಿನ ಗಿರಾಕಿ

ದನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಜತ್‌ನಲ್ಲಿ ಕರೆಂಟು ಯಾವಾಗ ಹೋಗ್ತದ ಹೇಳಾಕ ಬರೂದಿಲ್ಲ, ಹಂಗಾಗಿ ಮುಖ್ಯ ಮಾತು ಮೊದಲೇ ಹೇಳಿಬಿಡ್ತೀನಿ.

ಸಲಿಂಗಿಗಳ ಚರಿತ್ರೆಯನ್ನು ನಾವು ಮೂರು ತೀರ್ಪುಗಳಲ್ಲಿ ಓದ್ತೀವಿ: 2009ರ ಜುಲೈ 2ರ ದೆಹಲಿ ಹೈಕೋರ್ಟು, ಆಮೇಲೆ 2013ರ ಡಿಸೆಂಬರ್ 11 ಮತ್ತು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟು. ಕ್ಲಬ್ಬಿಗೆ ಹೋದವನ ಅನುಭವ ಈ ತಾರೀಖುಗಳ ಪ್ರಕಾರ ನಡೆದಿಲ್ಲ.

ಕೊಲಾಬಾದ ವೂಡೂ ಪಬ್ಬನ್ನೇ ತಗೊಳ್ರಿ. 2009ರ ತೀರ್ಪಿಗೆ ವರ್ಷಗಳ ಮೊದಲೇ ಅಲ್ಲಿ ಶನಿವಾರ ರಾತ್ರಿ ಗೇ ಗಂಡಸರು ಸೇರ್ತಿದ್ದರು. 377ನೇ ಕಲಂ ಇದ್ದಾಗ ಇದು ಹೆಂಗ? ಆ ಕಲಂ ಅಪರಾಧ ಅಂತ ಹೇಳಿದ್ದು ಲೈಂಗಿಕ ಕೃತ್ಯವನ್ನು. ಗಂಡಸರು ಕೂಡಿ ಕುಡಿಯೋದನ್ನು, ಕುಣಿಯೋದನ್ನು ಅಲ್ಲ. ಆದರೆ ಬೀದಿಗೆ ಬಂದರೆ 1951ರ ಮುಂಬಯಿ ಪೊಲೀಸ್ ಕಾಯ್ದೆಯ 110ನೇ ಕಲಂ ಇತ್ತು, ಸಾರ್ವಜನಿಕ ಜಾಗದಲ್ಲಿ ಅಸಭ್ಯ ವರ್ತನೆ ಅಂತ. ಹಂಗಾಗಿ ಅಂಜಿಕೆ ಒಳಗಿಗಿಂತ ಹೊರಗೇ ಜಾಸ್ತಿ.

ನಮ್ಮ ತಾಲೂಕಿನ ಹಿರಿಯರೊಬ್ಬರು ಆಗ ಮುಂಬೈಯಲ್ಲಿ ನೌಕರಿಯಲ್ಲಿದ್ದರು. ಹೆಸರು, ಊರು ಬರೆಯೋದಿಲ್ಲ ಅಂತ ಮಾತು ಕೊಟ್ಟೀನಿ. ಅವರು ಒಂದು ಬಿಯರನ್ನು ಮೂರು ತಾಸು ಕುಡೀತಿದ್ದರಂತೆ. ಕೊನೆಯ ಲೋಕಲ್ ತಪ್ಪಿದರೆ ನಸುಕಿನ ತನಕ ಸ್ಟೇಷನ್ನಿನಲ್ಲಿ ಕೂಡಬೇಕು, ಎಲ್ಲಿಂದ ಬಂದಿ ಅಂತ ಪೊಲೀಸ ಕೇಳಿದರೆ ಉತ್ತರ ಬೇಕು. “ಕುಣಿಯಾಕ ಹೋಗ್ತಿರಲಿಲ್ಲೋ ತಮ್ಮಾ,” ಅಂದರು, “ನನ್ನಂಥಾವ್ರು ಇನ್ನ ಎಷ್ಟ ಮಂದಿ ಅದಾರ ಅಂತ ಎಣಸಾಕ ಹೋಗ್ತಿದ್ದೆ.”

ಒಂದು ಶನಿವಾರ ಪಕ್ಕದಲ್ಲೇ ಇಬ್ಬರು ನಮ್ಮ ಕಡೆಯ ಕನ್ನಡ ಮಾತಾಡಿದ್ದು ಅವರ ಕಿವಿಗೆ ಬಿತ್ತು. ಖುಷಿ ಆಗಿರಬೇಕಲ್ರೀ, ಅಂದೆ. ಗ್ಲಾಸು ಅಲ್ಲೇ ಬಿಟ್ಟು ಹೊರಬಿದ್ದರಂತೆ. ಎರಡು ತಿಂಗಳು ಆ ಕಡೆ ಕಾಲಿಡಲಿಲ್ಲ.

ನನ್ನ ಪ್ರಬಂಧ ನಿಂತಿರೋದು ಇದೊಂದರ ಮೇಲೆ. ಅಶೋಕ್ ರಾವ್ ಕವಿ 1990ರಲ್ಲಿ ಶುರು ಮಾಡಿದ ‘ಬಾಂಬೆ ದೋಸ್ತ್’, ಪರ್ಮೇಶ್ ಶಹಾನಿ ಅವರ 2008ರ ‘ಗೇ ಬಾಂಬೆ’ ಇವು ಮುಖ್ಯವಾಗಿ ಇಂಗ್ಲಿಷಿನ ದಾಖಲೆಗಳು. ಅಲ್ಲಿ ಜತ್‌ನ ಕನ್ನಡ ಸಿಗಲಿಲ್ಲ ಅಂದರೆ ಜತ್‌ನವರು ಹೋಗಿರಲಿಲ್ಲ ಅಂತ ಅರ್ಥ ಮಾಡಬಾರದು. ಆ ಹಿರಿಯರು ಬಾಗಿಲ ಹೊರಗೆ ಬಿಟ್ಟು ಹೋಗ್ತಿದ್ದದ್ದೇ ಕನ್ನಡ. ಒಳಗೆ ಅವರ ಮಾತು ಹಿಂದಿ, ಹೆಸರೂ ಬೇರೆ.

ಯಲ್ಲಮ್ಮನ ಜಾತ್ರೆ ನಮ್ಮ ಜತ್‌ನಲ್ಲೇ ಇದೆ, ಸೀರೆ ಉಟ್ಟು ಚೌಡಿಕೆ ಹಿಡಿದ ಜೋಗಪ್ಪಗಳಿದ್ದಾರೆ, ಮುಂಬೈ ಯಾಕೆ ಅಂತ ಹೋದ ಸಲ ಒಬ್ಬರು ಕೇಳಿದ್ದರು. ಈ ಎರಡನ್ನು ಗಂಟು ಹಾಕೋದು ನನಗೆ ಒಪ್ಪಿಗೆ ಇಲ್ಲ. ಜೋಗಪ್ಪನನ್ನು ಊರು ಗುರುತಿಸ್ತದ, ದೇವಿಯ ಹೆಸರಿನಲ್ಲಿ. ಈ ಹಿರಿಯರಿಗೆ ಬೇಕಾಗಿದ್ದದ್ದು ಯಾರೂ ಗುರುತಿಸದ ಒಂದು ಸಂಜೆ.

ನಾನು ಹೋದದ್ದು 2018ರ ನಂತರ, ಮಿರಜಿನಿಂದ ರಾತ್ರಿ ರೈಲು ಹಿಡಿದು, ಬೇರೊಂದು ಕ್ಲಬ್ಬಿಗೆ. ಒಳಗೆ ಬಿಡೋ ದುಡ್ಡು ನಮ್ಮ ಕಡೆ ದಾಳಿಂಬೆ ತೋಟದ ಎರಡು ಮೂರು ದಿನದ ಪಗಾರ. ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಹಿರಿಯರಿಗೆ ಸುಳ್ಳು ಹೆಸರು ನಡೀತಿತ್ತು. ನನ್ನ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು, ಊರು, ತಾ. ಜತ್, ಜಿ. ಸಾಂಗಲಿ, ಎಲ್ಲಾ ಇತ್ತು. ಕಾವಲಿನವ ಓದಿ “ಸಾಂಗ್ಲೀಚಾ ಕಾ?” ಅಂದ. ಅಷ್ಟೇ, ಕೈಗೆ ಮುದ್ರೆ ಒತ್ತಿ ಒಳಗೆ ಬಿಟ್ಟ. ಕಾನೂನು ನನ್ನ ಕಡೆ ಇತ್ತು. ಆದರೂ ನನಗೆ ತಾಸೊತ್ತು ಕುಣಿಯಾಕ ಆಗಲಿಲ್ಲ, ಆ ಮನುಷ್ಯನಿಗೆ ಊರಲ್ಲಿ ಯಾರ ಪರಿಚಯ ಇರಬಹುದು ಅಂತ ಲೆಕ್ಕ ಹಾಕ್ತಾ ಕೂತಿದ್ದೆ.

ಇದನ್ನು ಹಿರಿಯರಿಗೆ ಹೇಳಿದಾಗ ನಕ್ಕರು. ಈಗ ನಾನು ಹೋದಾಗೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ: ಅವತ್ತು ಕನ್ನಡ ಮಾತಾಡಿದ ಆ ಇಬ್ಬರು ಯಾವೂರಿನವರು, ನಿನಗೇನಾದರೂ ಗೊತ್ತಾಯ್ತೇನೋ ಅಂತ.