ಒಂದಿರುಳಿನ ರಂಗಮಂದಿರ

ಪೇಟೆಯ ನಡುವೆ ಸಂಗೀತ, ನೃತ್ಯಗಳಿಗೆಂದೇ ಕಟ್ಟಿಸಿದ ರಂಗಮಂದಿರವೆಂದೊಡನೆ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವೋ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವೋ ಕಣ್ಣ ಮುಂದೆ ಬರುತ್ತದೆ. ನನ್ನ ಎಳವೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನಸಾಮಾನ್ಯರಿಗೆ ಅಂಥ ಮಂದಿರವಾಗಿ ಒದಗಿದ್ದು ಯಕ್ಷಗಾನ ಮೇಳದ ಡೇರೆ. ಸಂಜೆ ಮೈದಾನದಲ್ಲಿ ಎದ್ದು ನಿಂತು, ಬೆಳಗಿನ ಮಂಗಳದೊಂದಿಗೆ ಕಳಚಿ, ಮರುದಿನ ಬೇರೊಂದು ಊರು ಸೇರುತ್ತಿದ್ದ ಮಂದಿರವದು.

ಅದಕ್ಕೂ ಹಿಂದಿನಿಂದ ಬಂದದ್ದು ಬಯಲಾಟ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟರೆ ರಂಗಸ್ಥಳ ಸಿದ್ಧ. ಹರಕೆ ಹೊತ್ತ ಮನೆಯವರು ಮೇಳಕ್ಕೆ ವೀಳ್ಯ ಕೊಟ್ಟು ಆಡಿಸುವರು. ಊರವರು ಬಿಟ್ಟಿಯಾಗಿ ನೋಡುವರು. ಪ್ರಸಂಗದ ಆಯ್ಕೆ ಆಡಿಸುವವರದ್ದು. ಪತ್ತನಾಜೆಗೆ ಮೇಳದ ತಿರುಗಾಟ ಮುಗಿಯುವುದು.

ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಬಂದ ಟೆಂಟ್ ಮೇಳವು ಈ ಸಂಬಂಧವನ್ನೇ ಬದಲಿಸಿತು. ಬಂಟ್ವಾಳ ತಾಲೂಕಿನ ಇರಾದ ಕುಂಡಾವು ಮೇಳವನ್ನು ನಡೆಸಿದ ಕಲ್ಲಾಡಿ ಕೊರಗ ಶೆಟ್ಟರ ಹೆಸರು ಇಲ್ಲಿ ಸ್ಮರಣೀಯ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳವೂ ಡೇರೆ ಹೂಡಿತು. ಕುರಿಯ ವಿಠಲ ಶಾಸ್ತ್ರಿಗಳ ವೇಷವನ್ನೂ ಕಡತೋಕಾ ಮಂಜುನಾಥ ಭಾಗವತರ ಪದಗಳನ್ನೂ ಆ ಮೇಳ ಊರೂರಿಗೆ ಒಯ್ದಿತು. ನೆಲ, ಕುರ್ಚಿ, ಆರಾಮ ಆಸನ ಎಂದು ದರ್ಜೆಗಳಿದ್ದವು. ನಾವು ನೆಲದವರು, ಚಾಪೆ ಮನೆಯಿಂದಲೇ ಬರುತ್ತಿತ್ತು.

ಟಿಕೇಟಿನ ಹಣ ಕೊಟ್ಟ ಪ್ರೇಕ್ಷಕನಿಗೆ ಒಂದು ಅಧಿಕಾರವೂ ದೊರೆಯಿತು. ಆಟ ಹಿಡಿಸದಿದ್ದರೆ ಆತ ಮರುವರ್ಷ ಬರಲಾರ. ಆದುದರಿಂದ ಅವನ ಮನೆಮಾತು ರಂಗಸ್ಥಳವನ್ನೇರಿತು. ಕೊರಗ ಶೆಟ್ಟರ ಮಗ ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳವು ತುಳು ಪ್ರಸಂಗಗಳಿಂದಲೇ ಡೇರೆ ತುಂಬಿಸಿತು. ಅಳಿಕೆ ರಾಮಯ್ಯ ರೈ, ಬೋಳಾರ ನಾರಾಯಣ ಶೆಟ್ಟಿ, ಮೂಡುಬಿದಿರೆಯ ಬಳಿಯ ಮಿಜಾರು ಅಣ್ಣಪ್ಪ ಇವರಿದ್ದ ಮೇಳವದು. ಪುರಾಣದ ಮಟ್ಟ ಇಳಿಯಿತೆಂದು ವಿದ್ವಾಂಸರು ಮುನಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಕನ್ನಡದ ಅರ್ಥಗಾರಿಕೆ ತಲುಪದಿದ್ದ ಎಷ್ಟೋ ಮಂದಿ ಮೊದಲ ಸಲ ಪೂರ್ತಿ ಆಟವನ್ನು ಅರಿತು ನಕ್ಕದ್ದು, ಅತ್ತದ್ದು ಆ ಡೇರೆಯೊಳಗೇ.

ಬಡಗಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆಯ ಪರಂಪರೆಯನ್ನು ಮುಂದುವರಿಸಿವೆ. ನಮ್ಮ ತೆಂಕಿನಲ್ಲಿ ಅದು ತೀರ ಅಪರೂಪವಾಗಿದೆ. ಹರಕೆಯ ಆಟಗಳೇನೋ ಬೆಳೆದಿವೆ. ಧರ್ಮಸ್ಥಳ ಮೇಳದ ಸೇವೆಯಾಟ ಈಗ ನಡುರಾತ್ರಿಯೊಳಗೆ ಮುಗಿಯುತ್ತದೆ. ಮೂಡುಬಿದಿರೆಯಲ್ಲಿ ಡಾ. ಮೋಹನ ಆಳ್ವರ ನೇತೃತ್ವದ ಆಳ್ವಾಸ್ ವಿರಾಸತ್ 2024ರ ಡಿಸೆಂಬರಿನಲ್ಲಿ 30ನೆಯ ವರ್ಷವನ್ನು ಕಂಡಿತು. ದೇಶದ ಶ್ರೇಷ್ಠ ಗಾಯಕರು, ನರ್ತಕರು ಅಲ್ಲಿಗೆ ಬರುತ್ತಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ಇಲ್ಲೆಲ್ಲ ನಾವು ಅತಿಥಿಗಳು, ಖರ್ಚು ಬೇರೆಯವರದ್ದು. ಅತಿಥಿಯಾದವನು ಊಟದ ರುಚಿಯನ್ನು ವಿಮರ್ಶಿಸುವುದಿಲ್ಲ. ಡೇರೆಯೊಂದಿಗೆ ನಾವು ಕಳೆದುಕೊಂಡದ್ದು ಆ ವಿಮರ್ಶೆಯ ಹಕ್ಕನ್ನು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಿಂದ ನಿಂತಿದೆ. ಅದರ ಚರಿತ್ರೆಯನ್ನು ಕಲ್ಲೇ ಹೇಳುತ್ತದೆ. ಡೇರೆಗೆ ಶಾಸನವಿಲ್ಲ. ಅದು ಉಳಿದಿರುವುದು ಬಣ್ಣದ ಕರಪತ್ರಗಳಲ್ಲಿ ಮತ್ತು ಹಿರಿಯರ ನೆನಪಿನಲ್ಲಿ. ಶಿಷ್ಯರೇ, ಬಂಧುಗಳೇ, ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕರಪತ್ರವೊಂದು ಸಿಕ್ಕಿದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆಟ ನಡೆದ ಮೈದಾನದ ಹೆಸರನ್ನು ಅಜ್ಜನಲ್ಲೋ ಅಜ್ಜಿಯಲ್ಲೋ ಕೇಳಿ, ಅದರ ಹಿಂಬದಿಯಲ್ಲಿ ಬರೆದಿಡಿ.