ವ್ಯಸನವಿಮುಕ್ತಿಯೂ ಶಮನೌಷಧಗಳೂ

ಮದ್ಯವನ್ನಾಗಲಿ ಅಫೀಮನ್ನಾಗಲಿ ಬಹುಕಾಲ ಸೇವಿಸಿ, ತರುವಾಯ ಮನಸ್ಸನ್ನು ಗಟ್ಟಿಮಾಡಿಕೊಂಡು ಅದನ್ನು ತೊರೆದವನಿಗೆ ಎದುರಾಗುವ ಶತ್ರುವು ಆ ವಸ್ತುವಿನ ಮೇಲಣ ಆಶೆಯೊಂದೇ ಅಲ್ಲ. ಎದೆಯ ನಡುಕ, ನಿದ್ರಾನಾಶ, ನಿಷ್ಕಾರಣವಾದ ಭಯ ಇವೂ ಅದರ ಬೆನ್ನಿಗೇ ಬರುತ್ತವೆ. ಈ ಪೀಡೆಯನ್ನು ತಾಳಲಾರದೆ ಅವನು ವೈದ್ಯನ ಬಳಿಗೆ ಹೋದರೆ, ಉದ್ವೇಗವನ್ನು ಶಮನಗೊಳಿಸುವ ಗುಳಿಗೆಯೊಂದು ಅವನ ಕೈಗೆ ಬರಬಹುದು. ಒಂದು ಸೆರೆಯಿಂದ ಈಗತಾನೆ ಹೊರಬಂದವನು ಮತ್ತೊಂದು ಸೆರೆಯ ಬಾಗಿಲನ್ನು ತಟ್ಟುತ್ತಿರುವೆನೋ ಎಂಬ ಸಂದೇಹವು ಆಗ ಅವನಲ್ಲಿ ಹುಟ್ಟುವುದು ಸಹಜ. ಈ ಸಂದೇಹವನ್ನು ಅಳ್ಳೆದೆಯವನ ಮಾತೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ವೈದ್ಯಚರಿತ್ರೆಯಿದೆ.

ವ್ಯಸನದಿಂದ ಹುಟ್ಟಿದ ವಿಕಾರಕ್ಕೆ ಔಷಧವನ್ನು ಕೊಡುವ ವಿಷಯದಲ್ಲಿ ನಮ್ಮ ಪ್ರಾಚೀನರಿಗೂ ವಿಚಾರವಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತನಾಲ್ಕನೆಯ ಅಧ್ಯಾಯವು ಮದಾತ್ಯಯಚಿಕಿತ್ಸೆಗೇ ಮೀಸಲಾಗಿದೆ. ಕ್ರಮತಪ್ಪಿ ಕುಡಿದ ಮದ್ಯದಿಂದಾದ ರೋಗವನ್ನು, ಮಾತ್ರೆಯರಿತು ಕೊಟ್ಟ ಮದ್ಯದಿಂದಲೇ ಶಮನಗೊಳಿಸುವ ವಿಧಾನವು ಅಲ್ಲಿ ಹೇಳಲ್ಪಟ್ಟಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಪಾದಾಂಶಿಕಕ್ರಮವೆಂಬುದೊಂದುಂಟು. ರೂಢಿಯಾಗಿಹೋದ ಅಹಿತವನ್ನು ಒಂದೇ ಏಟಿಗೆ ಬಿಡದೆ, ಭಾಗಭಾಗವಾಗಿ ತಗ್ಗಿಸುತ್ತ, ತೆರವಾದ ಸ್ಥಾನದಲ್ಲಿ ಹಿತವಾದುದನ್ನು ಅಷ್ಟಷ್ಟಾಗಿ ನೆಲೆಗೊಳಿಸಬೇಕೆಂಬುದು ಅದರ ತಾತ್ಪರ್ಯ. ಪಾಶ್ಚಾತ್ಯ ವೈದ್ಯರು ಬಹಳ ಕಷ್ಟನಷ್ಟಗಳಾದ ಮೇಲೆ ಈ ಎರಡು ಅಭಿಪ್ರಾಯಗಳಿಗೆ ಸಮೀಪವಾದ ನಿಲುವಿಗೆ ಬಂದುದನ್ನು ಮುಂದೆ ಕಾಣಬಹುದು.

ಆ ಕಷ್ಟನಷ್ಟಗಳ ಮೊದಲ ಪ್ರಸಿದ್ಧ ಉದಾಹರಣೆಯು ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಸೇರಿದುದು. ಅರ್ನ್ಸ್ಟ್ ಫಾನ್ ಫ್ಲೈಶ್ಲ್-ಮಾರ್ಕ್ಸೊ ಎಂಬ ಶರೀರಶಾಸ್ತ್ರಜ್ಞನು ೧೮೪೬ರಲ್ಲಿ ಜನಿಸಿದವನು. ಮೇಧಾವಿ, ಸಜ್ಜನ, ಮಿತ್ರರಿಗೆಲ್ಲ ಪ್ರಿಯನಾದವನು. ಶವಪರೀಕ್ಷೆಯ ಕೆಲಸದಲ್ಲಿದ್ದಾಗ ಅವನ ಹೆಬ್ಬೆರಳಿಗೆ ನಂಜು ತಗಲಿ, ಅದನ್ನು ಕತ್ತರಿಸಬೇಕಾಯಿತು. ಕತ್ತರಿಸಿದೆಡೆಯಲ್ಲಿ ನರಗಳ ಗಂಟುಗಳು ಬೆಳೆದು ಅಸಹ್ಯವೇದನೆಯನ್ನು ಕೊಡತೊಡಗಿದವು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾದರೂ ನೋವು ಅಡಗಲಿಲ್ಲ. ನೋವಿಗಾಗಿ ತೆಗೆದುಕೊಂಡ ಮಾರ್ಫೀನು ಕಾಲಕ್ರಮದಲ್ಲಿ ಅವನನ್ನೇ ತೆಗೆದುಕೊಂಡಿತು. ಅವನ ಮಿತ್ರರಲ್ಲಿ ತರುಣ ವೈದ್ಯನಾದ ಸಿಗ್ಮಂಡ್ ಫ್ರಾಯ್ಡನೂ ಒಬ್ಬನು. ಕೋಕಾ ಎಲೆಯ ಸಾರವು ಮಾರ್ಫೀನಿನ ಚಟವನ್ನು ಬಿಡಿಸುತ್ತದೆಂಬ ಅಮೆರಿಕದ ವೈದ್ಯಪತ್ರಿಕೆಯ ವರದಿಗಳನ್ನು ಓದಿ, ಫ್ರಾಯ್ಡನು ೧೮೮೪ರಲ್ಲಿ ತನ್ನ ಮಿತ್ರನಿಗೆ ಕೊಕೇನನ್ನು ಸೂಚಿಸಿದನು; ಅದೇ ವರ್ಷ ಆ ದ್ರವ್ಯವನ್ನು ಹೊಗಳಿ ಒಂದು ಪ್ರಬಂಧವನ್ನೂ ಪ್ರಕಟಿಸಿದನು. ಮೊದಲು ಕೆಲವು ದಿನ ಫಲವು ಆಶಾದಾಯಕವಾಗಿಯೇ ತೋರಿತು. ವರ್ಷ ತಿರುಗುವಷ್ಟರಲ್ಲಿ ಫ್ಲೈಶ್ಲನು ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟು ಕೊಕೇನನ್ನು ಸೇವಿಸುವವನಾಗಿದ್ದನು. ಚರ್ಮದ ಮೇಲೆ ಹಾವುಗಳು ಹರಿದಾಡುತ್ತಿರುವಂತೆ ಅವನಿಗೆ ಭ್ರಮೆಯಾಗುತ್ತಿತ್ತು. ಮಾರ್ಫೀನೂ ಅವನನ್ನು ಬಿಟ್ಟುಹೋಗಲಿಲ್ಲ. ಒಂದು ವ್ಯಸನದ ಸ್ಥಾನದಲ್ಲಿ ಎರಡಾದವು. ೧೮೯೧ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಅವನು ಕಾಲವಾದನು. ಇದರ ನಡುವೆಯೇ ಆಲ್ಬ್ರೆಕ್ಟ್ ಎರ್ಲೆನ್ಮೈಯರ್ ಎಂಬ ಜರ್ಮನ್ ವೈದ್ಯನು ಕೊಕೇನನ್ನು ಮಾನವಕುಲದ ಮೂರನೆಯ ಪಿಡುಗೆಂದು ಕರೆದು, ಅದನ್ನು ಪ್ರಚಾರಮಾಡಿದವರನ್ನು ಕಟುವಾಗಿ ಖಂಡಿಸಿದ್ದನು.

ಫ್ರಾಯ್ಡನಲ್ಲಿ ದುರುದ್ದೇಶವಿರಲಿಲ್ಲ, ಮಿತ್ರನ ಸಂಕಟವನ್ನು ಕಂಡು ಮರುಗಿಯೇ ಅವನು ಹಾಗೆ ಮಾಡಿದನು. ಅದೇ ೧೮೮೪ರಲ್ಲಿ ಅವನ ಸಹೋದ್ಯೋಗಿಯಾದ ಕಾರ್ಲ್ ಕೋಲರನು ಅದೇ ಕೊಕೇನಿನಿಂದ ಕಣ್ಣನ್ನು ಜೋಮುಹಿಡಿಸಿ, ನೋವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಬಹುದೆಂದು ತೋರಿಸಿಕೊಟ್ಟನು. ದ್ರವ್ಯವು ಒಂದೇ, ಒಂದೆಡೆ ಅದು ಕಣ್ಣಿಗೆ ಉಪಕಾರಿಯಾಯಿತು, ಇನ್ನೊಂದೆಡೆ ಪ್ರಾಣಕ್ಕೆ ಮುಳುವಾಯಿತು.

ಇಂತಹ ಭ್ರಮೆಯು ಅಲ್ಲಿಗೇ ಮುಗಿಯಲಿಲ್ಲ. ೧೮೬೯ರಲ್ಲಿ ಆಸ್ಕರ್ ಲೀಬ್ರೈಖನು ನಿದ್ರಾಜನಕವೆಂದು ಪ್ರಚಾರಕ್ಕೆ ತಂದ ಕ್ಲೋರಲ್ ಹೈಡ್ರೇಟು ಕೆಲವೇ ವರ್ಷಗಳಲ್ಲಿ ತಾನೇ ಒಂದು ಚಟವಾಯಿತು. ಆಂಗ್ಲಕವಿಯೂ ಚಿತ್ರಕಾರನೂ ಆದ ಡಾಂಟೆ ಗೇಬ್ರಿಯಲ್ ರೊಸೆಟ್ಟಿಯು ಅದರ ಬಲೆಗೆ ಬಿದ್ದು ತನ್ನ ಕೊನೆಯ ವರ್ಷಗಳನ್ನು ದುಃಖದಲ್ಲಿ ಕಳೆದನು. ೧೮೯೮ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯು ಕೆಮ್ಮಿನ ಮದ್ದೆಂದು ಹೆರಾಯಿನನ್ನು ಮಾರಾಟಕ್ಕಿಟ್ಟಿತು. ಅದು ಮಾರ್ಫೀನಿನಂತೆ ಅಂಟಿಕೊಳ್ಳುವುದಿಲ್ಲವೆಂದು ಆಗ ಅನೇಕರು ನಂಬಿದ್ದರು. ಆ ನಂಬಿಕೆಯು ಎಷ್ಟು ಸುಳ್ಳಾಯಿತೆಂಬುದನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ೧೯೦೩ರಲ್ಲಿ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಎಂಬವರು ವೆರೊನಾಲ್ ಎಂಬ ಔಷಧವನ್ನು ಬೆಳಕಿಗೆ ತಂದರು. ಬಾರ್ಬಿಟ್ಯುರೇಟು ಎಂಬ ಶಮನೌಷಧವರ್ಗವು ಹೀಗೆ ಬಳಕೆಗೆ ಬಂದು, ಸುಮಾರು ಅರ್ಧ ಶತಮಾನದ ಕಾಲ ವೈದ್ಯರ ಪೆಟ್ಟಿಗೆಯಲ್ಲಿ ಮುಖ್ಯಸ್ಥಾನವನ್ನು ಪಡೆಯಿತು.

ಮದ್ಯವನ್ನು ಬಿಡಲು ಹೆಣಗುತ್ತಿದ್ದವರು ಈ ಬಾರ್ಬಿಟ್ಯುರೇಟುಗಳನ್ನೇ ಊರುಗೋಲಾಗಿ ಹಿಡಿದರು. ೧೯೩೫ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಆರಂಭವಾದ ಅನಾಮಧೇಯ ಮದ್ಯವ್ಯಸನಿಗಳ ಸಂಘದ ಸ್ಥಾಪಕರಲ್ಲೊಬ್ಬನಾದ ಡಾಕ್ಟರ್ ರಾಬರ್ಟ್ ಸ್ಮಿತ್ತನು ಸ್ವತಃ ಶಸ್ತ್ರವೈದ್ಯನು. ಕುಡಿತದ ಮರುದಿನದ ನಡುಕವನ್ನು ಅಡಗಿಸಿ ಕೆಲಸಕ್ಕೆ ಹೋಗುವುದಕ್ಕಾಗಿ ತಾನು ಶಮನೌಷಧಗಳನ್ನು ಹೇರಳವಾಗಿ ತೆಗೆದುಕೊಳ್ಳುತ್ತಿದ್ದುದನ್ನು, ಸಂಘವು ೧೯೩೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನೇ ನಿವೇದಿಸಿದ್ದಾನೆ. ಬಾರ್ಬಿಟ್ಯುರೇಟುಗಳ ನಿಜಸ್ವರೂಪವು ಸಂದೇಹಕ್ಕೆಡೆಯಿಲ್ಲದಂತೆ ಬಯಲಾದುದು ೧೯೫೦ರಲ್ಲಿ. ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ ನಗರದ ಸರಕಾರೀ ಆಸ್ಪತ್ರೆಯಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು, ಹಿಂದೆ ಮಾರ್ಫೀನಿನ ವ್ಯಸನದಲ್ಲಿದ್ದ ಕೆಲವು ಬಂದಿಗಳಿಗೆ ಆ ಔಷಧವನ್ನು ತಿಂಗಳುಗಟ್ಟಲೆ ಕೊಟ್ಟು ಥಟ್ಟನೆ ನಿಲ್ಲಿಸಿದಾಗ, ಅಪಸ್ಮಾರದಂತಹ ಸೆಳವುಗಳೂ ಬುದ್ಧಿಭ್ರಮಣೆಯೂ ಕಾಣಿಸಿಕೊಂಡವು. ಬಂದಿಗಳನ್ನು ಇಂತಹ ಪರೀಕ್ಷೆಗೆ ಗುರಿಮಾಡಿದುದು ನ್ಯಾಯವೇ ಎಂಬ ಪ್ರಶ್ನೆಯು ಇಂದಿಗೂ ಎತ್ತಲ್ಪಡುತ್ತಿದೆ. ಆದರೆ ಆ ಔಷಧವು ದೇಹವನ್ನು ಮದ್ಯದಂತೆಯೇ ಕಟ್ಟಿಹಾಕುತ್ತದೆಂಬ ಮಾತನ್ನು ಅಂದಿನಿಂದ ಯಾರೂ ಅಲ್ಲಗಳೆಯಲಾರದವರಾದರು.

ಇಂತಿರಲು ೧೯೫೫ರಲ್ಲಿ ಮಿಲ್ಟೌನ್ ಎಂಬ ಗುಳಿಗೆಯೂ, ೧೯೬೦ರಲ್ಲಿ ಲಿಯೊ ಸ್ಟರ್ನ್‌ಬಾಕನು ಕಂಡುಹಿಡಿದ ಲಿಬ್ರಿಯಮ್ ಎಂಬುದೂ, ೧೯೬೩ರಲ್ಲಿ ವೇಲಿಯಮ್ ಎಂಬುದೂ ಪೇಟೆಗೆ ಬಂದವು. ಕೊನೆಯ ಎರಡೂ ಬೆಂಜೊಡಯಜೆಪೀನ್ ವರ್ಗಕ್ಕೆ ಸೇರಿದವು. ಮಿತಿಮೀರಿದಾಗಲೂ ಬಾರ್ಬಿಟ್ಯುರೇಟಿನಷ್ಟು ಸುಲಭವಾಗಿ ಇವು ಪ್ರಾಣವನ್ನು ತೆಗೆಯುವುದಿಲ್ಲವಾದ ಕಾರಣ, ವೈದ್ಯರು ಇವನ್ನು ಧಾರಾಳವಾಗಿ ಬರೆದುಕೊಟ್ಟರು. ೧೯೬೧ರಷ್ಟು ಹಿಂದೆಯೇ ಲಿಯೊ ಹಾಲಿಸ್ಟರನು, ಲಿಬ್ರಿಯಮನ್ನು ದೊಡ್ಡ ಮಾತ್ರೆಯಲ್ಲಿ ಕೊಟ್ಟು ನಿಲ್ಲಿಸಿದರೆ ರೋಗಿಗಳು ನರಳುವರೆಂದು ಎಚ್ಚರಿಸಿದ್ದನು. ಆ ಎಚ್ಚರಿಕೆಯು ಜನರ ಕಿವಿಗೆ ಬೀಳಲು ಬಹುಕಾಲ ಹಿಡಿಯಿತು. ಅಮೆರಿಕದ ಮಾಜಿ ಅಧ್ಯಕ್ಷನ ಪತ್ನಿಯಾದ ಬೆಟ್ಟಿ ಫೋರ್ಡಳು ಮದ್ಯಕ್ಕೂ ವೈದ್ಯರೇ ಕೊಟ್ಟ ಗುಳಿಗೆಗಳಿಗೂ ತಾನು ಅಧೀನಳಾಗಿರುವೆನೆಂದು ೧೯೭೮ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಳು. ಆ ಧೈರ್ಯದಿಂದ ಅನೇಕರ ಕಣ್ಣು ತೆರೆಯಿತು.

ಈ ಸಾಮ್ಯಕ್ಕೆ ಕಾರಣವೇನೆಂಬುದು ವಿಜ್ಞಾನಿಗಳಿಗೆ ಕ್ರಮೇಣ ತಿಳಿದುಬಂದಿತು. ಮೆದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ದ್ರವ್ಯವುಂಟು. ಬೆಂಜೊಡಯಜೆಪೀನುಗಳು ಮೆದುಳಿನಲ್ಲಿ ಹೋಗಿ ಕೂಡಿಕೊಳ್ಳುವ ನೆಲೆಗಳು ೧೯೭೭ರಲ್ಲಿ ಪತ್ತೆಯಾದವು. ಅವು ಈ ಗಾಬಾದ ವ್ಯವಸ್ಥೆಗೇ ಸೇರಿದವು. ಮದ್ಯವೂ ಬಾರ್ಬಿಟ್ಯುರೇಟೂ ಇದೇ ವ್ಯವಸ್ಥೆಯನ್ನು ಬಲಪಡಿಸುವಂಥವು. ಆದಕಾರಣವೇ ಮದ್ಯವನ್ನು ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಉಂಟಾಗುವ ಸೆಳವು, ಸನ್ನಿಗಳನ್ನು ತಡೆಯಲು ಬೆಂಜೊಡಯಜೆಪೀನುಗಳಿಗೆ ಸಮನಾದ ಮದ್ದು ವಿರಳ. ಐನೂರಕ್ಕೂ ಹೆಚ್ಚು ಮಂದಿ ಮಾಜಿ ಸೈನಿಕರ ಮೇಲೆ ನಡೆದು ೧೯೬೯ರಲ್ಲಿ ಪ್ರಕಟವಾದ ಪರೀಕ್ಷೆಯೂ ಇದನ್ನೇ ಸ್ಥಾಪಿಸಿತು. ಸಜಾತೀಯದಿಂದಲೇ ಶಮನವೆಂಬ ಮದಾತ್ಯಯಚಿಕಿತ್ಸೆಯ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಆದರೆ ಅದೇ ಕಾರಣದಿಂದಲೇ, ಆ ಕೆಲವು ದಿನಗಳು ಕಳೆದ ಮೇಲೂ ಗುಳಿಗೆಯು ಮುಂದುವರಿದರೆ ಹಳೆಯ ಒಡೆಯನು ಹೊಸ ವೇಷದಲ್ಲಿ ಮನೆಗೆ ಬಂದಂತಾಗುತ್ತದೆ.

ಈ ಭಯವು ಮಿತಿಮೀರಿದಾಗ ಮತ್ತೊಂದು ಬಗೆಯ ಅನರ್ಥವೂ ಒದಗಿತು. ವ್ಯಸನಮುಕ್ತರ ಕೂಟಗಳಲ್ಲಿ ಕೆಲವರು, ಮನಸ್ಸಿನ ಮೇಲೆ ಕೆಲಸಮಾಡುವ ಔಷಧಗಳೆಲ್ಲವೂ ಮದ್ಯದ ತಮ್ಮಂದಿರೆಂದು ಬಗೆದು, ಜೊತೆಗಾರರ ಗುಳಿಗೆಗಳನ್ನು ಎಸೆಯಿಸಿದರು. ವಿಷಾದರೋಗದವರೂ ಅಪಸ್ಮಾರದವರೂ ಇಂತಹ ಉಪದೇಶವನ್ನು ನಂಬಿ ಕೆಟ್ಟರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಇದನ್ನು ಕಂಡು ಅನಾಮಧೇಯ ಮದ್ಯವ್ಯಸನಿಗಳ ಸಂಘವು, ತನ್ನಲ್ಲೇ ಸದಸ್ಯರಾಗಿದ್ದ ವೈದ್ಯರಿಂದ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿ ೧೯೮೦ರ ದಶಕದಲ್ಲಿ ಹಂಚಿತು. ವ್ಯಸನಿಯನ್ನು ಮತ್ತೊಂದು ದ್ರವ್ಯಕ್ಕೆ ದಾಸನಾಗಿಸುವುದು ಎಷ್ಟು ತಪ್ಪೋ, ಅವನ ಬೇನೆಗೆ ಅವಶ್ಯವಾದ ಔಷಧವನ್ನು ತಪ್ಪಿಸುವುದೂ ಅಷ್ಟೇ ತಪ್ಪು ಎಂಬುದು ಅದರ ಸಾರ. ಸಂಗಡಿಗರು ವೈದ್ಯರ ಕೆಲಸಕ್ಕೆ ಕೈಹಾಕಬಾರದೆಂಬುದನ್ನೂ ಅದು ಸ್ಪಷ್ಟಪಡಿಸಿತು.

ಅಷ್ಟರಲ್ಲಿ ಬೇರೆ ದಾರಿಗಳೂ ತೆರೆದಿದ್ದವು. ೧೯೮೬ರಲ್ಲಿ ಅಮೆರಿಕದ ಸರಕಾರದ ಮನ್ನಣೆಯನ್ನು ಪಡೆದ ಬಸ್ಪಿರೋನ್ ಎಂಬ ಔಷಧವು ಗಾಬಾದ ಮಾರ್ಗವನ್ನು ಹಿಡಿಯುವುದಿಲ್ಲ. ಅದರಿಂದ ಮತ್ತೇರುವುದಿಲ್ಲ, ಫಲವು ಮಾತ್ರ ವಾರಗಳ ಮೇಲೆ ತಲೆದೋರುತ್ತದೆ. ಕೂಡಲೇ ಉಪಶಮನವನ್ನು ಬೇಡಲು ಅಭ್ಯಾಸವಾದವನಿಗೆ ಈ ನಿಧಾನವೇ ದೊಡ್ಡ ಪರೀಕ್ಷೆ. ಹೆನ್ರಿ ಕ್ರಾಂಜ್ಲರ್ ಮುಂತಾದವರು ಉದ್ವಿಗ್ನರಾದ ಮದ್ಯವ್ಯಸನಿಗಳಿಗೆ ಅದನ್ನು ಕೊಟ್ಟು ೧೯೯೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರು ಚಿಕಿತ್ಸೆಯಲ್ಲಿ ಹೆಚ್ಚು ಕಾಲ ನಿಂತರು. ಅತಿಕುಡಿತಕ್ಕೆ ತಡವಾಗಿ ಮರಳಿದರು. ಸೆರೊಟೊನಿನ್ ಎಂಬ ದ್ರವ್ಯದ ಮೂಲಕ ಕೆಲಸಮಾಡುವ ಸರ್ಟ್ರಲೀನ್ ಮೊದಲಾದ ಔಷಧಗಳೂ ಬಳಕೆಗೆ ಬಂದಿವೆ. ಇವೂ ವ್ಯಸನವನ್ನು ಹುಟ್ಟಿಸುವಂಥವಲ್ಲ. ಆದರೂ ಇವನ್ನು ಥಟ್ಟನೆ ನಿಲ್ಲಿಸಲಾಗದು. ಇವಲ್ಲದೆ, ಭಯವನ್ನು ಹುಟ್ಟಿಸುವ ಆಲೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆಯೂ ಉಂಟು. ಕುಡಿತ ಬಿಟ್ಟ ಹೊಸತರಲ್ಲಿ ತೋರುವ ಉದ್ವೇಗವು ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂಬುದೂ ಈಗ ತಿಳಿದಿರುವ ವಿಷಯ.

ಕಾನೂನುಗಳೂ ಚರಿತ್ರೆಯ ಹಿಂದೆಯೇ ನಡೆದು ಬಂದವು. ಭಾರತದಲ್ಲಿ ಆಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದವು ೨೦೧೩ರಲ್ಲಿ ಎಚ್-೧ ಎಂಬ ಅನುಸೂಚಿಗೆ ಸೇರಿ, ಇವುಗಳ ಮಾರಾಟವನ್ನು ಔಷಧದಂಗಡಿಯವರು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕೆಂಬ ನಿಯಮವಾಯಿತು. ಬೆಂಜೊಡಯಜೆಪೀನುಗಳ ಮೇಲೆ ವ್ಯಸನದ ಅಪಾಯವನ್ನು ಎದ್ದುಕಾಣುವಂತೆ ಮುದ್ರಿಸಬೇಕೆಂದು ಅಮೆರಿಕದ ಔಷಧಾಡಳಿತವು ೨೦೨೦ರಲ್ಲಿ ವಿಧಿಸಿತು. ಅಫೀಮಿನ ವರ್ಗದ ಔಷಧಗಳೊಡನೆ ಇವನ್ನು ಸೇವಿಸಿದರೆ ಉಸಿರೇ ನಿಲ್ಲಬಹುದೆಂದು ೨೦೧೬ರಲ್ಲಿಯೇ ಅದು ಎಚ್ಚರಿಸಿತ್ತು. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗಾಗಿಯೇ ಪ್ರತ್ಯೇಕವಾದ ಕೇಂದ್ರವಿದೆ.

ಈ ಚರಿತ್ರೆಯಿಂದ ವ್ಯಸನಮುಕ್ತನು ತಿಳಿಯಬೇಕಾದುದೇನು? ತನ್ನ ಹಿಂದಿನ ಕಥೆಯನ್ನು ಲಜ್ಜೆಯಿಂದ ಮುಚ್ಚಿಡದೆ ವೈದ್ಯನ ಮುಂದೆ ತೆರೆದಿಡುವುದು ಮೊದಲ ಕರ್ತವ್ಯ. ಕೊಡುವ ಗುಳಿಗೆಯು ಯಾವ ವರ್ಗದ್ದು, ಎಷ್ಟು ಕಾಲ ಸೇವಿಸತಕ್ಕದ್ದು, ಬಿಡುವ ಕ್ರಮವೇನು ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಎರಡನೆಯದು. ಈಗಾಗಲೇ ಬೆಂಜೊಡಯಜೆಪೀನನ್ನು ಬಹುಕಾಲದಿಂದ ಸೇವಿಸುತ್ತಿರುವವನು ಹುಮ್ಮಸ್ಸಿನಿಂದ ಒಂದೇ ದಿನ ಅದನ್ನು ಬಿಟ್ಟರೆ ಸೆಳವು ಬಂದು ಪ್ರಾಣಾಪಾಯವಾದೀತು. ಅವನಿಗೆ ವೈದ್ಯನ ಕಣ್ಣೆದುರಿನಲ್ಲಿ ಸ್ವಲ್ಪಸ್ವಲ್ಪವಾಗಿ ತಗ್ಗಿಸುವ ಪಾದಾಂಶಿಕಕ್ರಮವೇ ಶರಣು. ಮನೆಯವರೂ ಗುಳಿಗೆಯನ್ನು ಕಂಡೊಡನೆ ಹಳೆಯ ಚಟವೇ ಮರಳಿತೆಂದು ಹಳಿಯದೆ, ಅದರ ಹೆಸರನ್ನೂ ಉದ್ದೇಶವನ್ನೂ ವಿಚಾರಿಸತಕ್ಕದ್ದು. ಫ್ಲೈಶ್ಲನಿಗೆ ವಿದ್ಯೆಗಾಗಲಿ ಮಿತ್ರರ ಪ್ರೀತಿಗಾಗಲಿ ಕೊರತೆಯಿರಲಿಲ್ಲ. ಅವನಿಗೆ ದೊರೆತ ಮದ್ದಿನ ಗುಣದೋಷವನ್ನು ಅಂದು ಬಲ್ಲವರಿರಲಿಲ್ಲ. ಇಂದು ಬಲ್ಲವರಿದ್ದಾರೆ. ಅವರನ್ನು ಕೇಳಿ ತಿಳಿದು ಸೇವಿಸಿದ ಗುಳಿಗೆಯಿಂದ ವ್ಯಸನಮುಕ್ತನ ವ್ರತಕ್ಕೆ ಭಂಗವುಂಟಾಗುವುದಿಲ್ಲ.